ಹನ್ನೆರಡನೇ ಚರೆ

ಸತ್ತವನಿಗೆ "ಉಸಿರು ಹಿಡ್ಕೊಳ್ಳಿ" ಎಂದು ಹೇಳಿದ್ದು ವಾರಿಜಾಕ್ಷಿಯ ದನಿಯೇ.

ತಪ್ಪು ಅವಳದಲ್ಲ, ಯಂತ್ರದ್ದು. ಆಸ್ಪತ್ರೆಗೆ ಸಿ.ಟಿ. ಯಂತ್ರ ಬಂದ ಹೊಸತರಲ್ಲಿ ಅದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಿತ್ತು. ಸಿದ್ದಾಪುರ ಕಡೆಯ ತೋಟದ ಕೂಲಿಮನೆಗಳ ಲೈನುಗಳಿಂದ ಬಂದವರು ಏನೂ ಅರ್ಥವಾಗದೆ, ಉಸಿರು ಬಿಗಿಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ಕೆಮ್ಮುತ್ತಿದ್ದರು. ಕೊನೆಗೆ ಕಂಪನಿಯವರು ಬಂದು, ಅಲ್ಲೇ ಎಕ್ಸ್‌ರೇ ತೆಗೆಯುತ್ತ ತಲೆ ನರೆಸಿಕೊಂಡಿದ್ದ ವಾರಿಜಾಕ್ಷಿಯನ್ನು ಕೂರಿಸಿ, ಅವಳ ದನಿಯನ್ನು ಯಂತ್ರಕ್ಕೆ ತುಂಬಿ ಹೋದರು. ಅಂದಿನಿಂದ ಯಂತ್ರ ಕನ್ನಡ ಮಾತಾಡುತ್ತದೆ. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಈಗ ಬಿಡಿ." ದೇವಸ್ಥಾನದ ಅರ್ಚಕರ ಮಗಳಲ್ಲವೇ, ಉಚ್ಚಾರ ಶುದ್ಧ. ಆ ಬೆಳಿಗ್ಗೆ ದನಿಯ ಗುಂಡಿ ಆರಿಸುವುದನ್ನು ಯಾರೋ ಮರೆತರು, ಅಷ್ಟೇ.

ಸುತ್ತ ನಿಂತಿದ್ದ ಎಂಟು ಜನ ಡಾಕ್ಟರುಗಳಲ್ಲಿ ಇಬ್ಬರು ಕಿಸಕ್ಕೆಂದರು. ಅವರಿಗೆ ಕಲಿಸಲು ಧಾರವಾಡ ಕಡೆಯಿಂದ ಬಂದಿದ್ದ ಡಾಕ್ಟರ್ ಸಿದ್ದಬಸಪ್ಪ ಮಾತ್ರ ನಗಲಿಲ್ಲ. "ನೋಡ್ರಿ ಅಮ್ಮಾರ, ಇಂವಾ ನಿಮ್ಮ ಮಾತು ಎಷ್ಟು ಚೊಲೋ ಕೇಳ್ಯಾನ. ಒಂದ್ ಚೂರೂ ಅಲುಗಾಡಿಲ್ಲ" ಎಂದರು. ವಾರಿಜಾಕ್ಷಿ ದನಿ ಆರಿಸಿ, ಕನ್ನಡಕ ಸರಿಮಾಡಿಕೊಂಡು, ಮುಂದಿನ ಗುಂಡಿ ಒತ್ತಿದಳು.

ಐದು ದಿನದ ತರಬೇತಿ ಅದು. ಮಳೆಗಾಲದಲ್ಲಿ ಹೊಳೆಯಿಂದ, ಕುಸಿದ ಗುಡ್ಡದಿಂದ ಹೆಣಗಳು ಬರುತ್ತವೆ. ಬಟ್ಟೆ ಇರುವುದಿಲ್ಲ, ಮುಖ ಇರುವುದಿಲ್ಲ. ಅಂಥವನ್ನು ಕೊಯ್ಯುವ ಮೊದಲು ಯಂತ್ರದಲ್ಲಿ ಮಲಗಿಸಿ ಅಡಿಯಿಂದ ಮುಡಿಯವರೆಗೆ ಚಿತ್ರ ತೆಗೆಯಬೇಕು; ಬದುಕಿದ್ದಾಗ ತೆಗೆಸಿದ ಎಕ್ಸ್‌ರೇ ಎಲ್ಲಾದರೂ ಇದ್ದರೆ ಮೂಳೆಗೆ ಮೂಳೆ ಕೂಡಿಸಿ ನೋಡಿ ಹೆಸರು ಹೇಳಬೇಕು. ಇದನ್ನು ಕಲಿಯಲು ಬೇರೆ ಬೇರೆ ಜಿಲ್ಲೆಗಳಿಂದ ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರುಗಳು ಬಂದಿದ್ದರು. ಹಗಲು ಯಂತ್ರ ಬದುಕಿರುವವರಿಗೆ ಬೇಕು, ಹಾಗಾಗಿ ಕ್ಲಾಸು ಬೆಳಿಗ್ಗೆ ಆರರಿಂದ ಎಂಟರವರೆಗೆ. ಬಂದವರಿಗೆಲ್ಲ ಒಂದೊಂದು ಬ್ಯಾಗು, ಪುಸ್ತಕ, ಪೆನ್ನು. ಗುಂಡಿ ಒತ್ತುವ ವಾರಿಜಾಕ್ಷಿಗೆ ಬ್ಯಾಗೂ ಇಲ್ಲ, ಪೆನ್ನೂ ಇಲ್ಲ. "ಮಾರ್ಚ್‌ನಲ್ಲಿ ರಿಟೈರ್ ಆಗುವವಳಿಗೆ ಪೆನ್ನು ಕೊಟ್ಟು ಏನುಪಯೋಗ ಅಂತ ಇರಬೇಕು" ಎಂದು ಶವಾಗಾರದ ಸೋಮನ ಹತ್ತಿರ ಎರಡು ಸಲ ಹೇಳಿಕೊಂಡಿದ್ದಳು. ಸೋಮ ಎರಡು ಸಲವೂ ಹೌದಮ್ಮ ಅಂದಿದ್ದ.

ಆ ಮಂಗಳವಾರ ಮೇಜಿನ ಮೇಲಿದ್ದದ್ದು ಮೂರನೇ ನಂಬರಿನ ಹೆಣ. ಗಂಡಸು, ಐವತ್ತರ ಆಸುಪಾಸು. ಹದಿನೆಂಟು ದಿನದ ಹಿಂದೆ ಸಿದ್ದಾಪುರದ ಹತ್ತಿರ ಕಾವೇರಿ ದಂಡೆಯ ಬಿದಿರುಮೆಳೆಯಲ್ಲಿ ಸಿಕ್ಕಿಕೊಂಡಿತ್ತು. ಇಲ್ಲಿಯ ಡಾಕ್ಟರ್ ಗಾನವಿಯೇ ಪೋಸ್ಟ್‌ಮಾರ್ಟಂ ಮಾಡಿ, ನೀರಿನಲ್ಲಿ ಮುಳುಗಿ ಸತ್ತದ್ದು ಎಂದು ಬರೆದಿದ್ದಳು. ವಾರಸುದಾರರು ಯಾರೂ ಬಂದಿರಲಿಲ್ಲ. ತರಬೇತಿ ಇದೆಯೆಂದು ಅದನ್ನು ಇಷ್ಟು ದಿನ ಇಟ್ಟುಕೊಂಡದ್ದು. ಶನಿವಾರ ಪೊಲೀಸಿನವರು ಒಯ್ದು ನಂಬರು ಹಾಕಿ ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು.

ತೆರೆಯ ಮೇಲೆ ತಲೆ ಬಂತು, ಎದೆ ಬಂತು, ಸೊಂಟ ಬಂತು. ಎಡತೊಡೆ ಬಂದಾಗ ಬೆಳ್ಳಗೆ ಚುಕ್ಕಿಗಳು ಮಿನುಗಿದವು.

"ಸರ್, ಗುಂಡು! ಇದು ಮರ್ಡರ್!" ಎಂದು ಒಬ್ಬ ಹಾರಿಬಿದ್ದ.

"ತಡೀಪಾ" ಎಂದರು ಸಿದ್ದಬಸಪ್ಪ. "ಮದ್ಲು ಎಣಸು. ಆಮ್ಯಾಲ ಮಾತಾಡು."

ಎಣಿಸಿದರು. ಹನ್ನೊಂದು. ಕೋವಿಯ ತೋಟಾದೊಳಗೆ ತುಂಬಿಸುವ ಸೀಸದ ಕಾಳುಗಳು, ಊರಿನವರು ಚರೆ ಅನ್ನುತ್ತಾರಲ್ಲ, ಅವು. ಸಿದ್ದಬಸಪ್ಪ ಒಂದೊಂದನ್ನೇ ದೊಡ್ಡದು ಮಾಡಿ ತೋರಿಸಿದರು. ಸುತ್ತಲಿನ ಮಾಂಸ ಹರಿದಿಲ್ಲ, ಮೂಳೆ ಮುರಿದಿಲ್ಲ, ಪ್ರತಿ ಚರೆಯ ಸುತ್ತಲೂ ಮೈ ತನ್ನ ಪಾಡಿಗೆ ತಾನು ಗೋಡೆ ಕಟ್ಟಿಕೊಂಡಿದೆ. "ಇವು ನಿನ್ನೆ ಮೊನ್ನೆ ಹೊಕ್ಕಿದ್ದಲ್ಲ. ಇವನ ಜೋಡಿ ಹತ್ತು ಹನ್ನೆರಡು ವರ್ಷ ಸಂಸಾರ ಮಾಡ್ಯಾವ."

ಗಾನವಿಯ ಮುಖ ಇಳಿದುಹೋಗಿತ್ತು. "ನಾನು ತೊಡೆ ಕೊಯ್ಯಲೇ ಇಲ್ಲ ಸರ್" ಎಂದಳು.

"ಯಾರೂ ಕೊಯ್ಯಂಗಿಲ್ಲವ್ವ. ಚಾಕು ಹೋದಲ್ಲಷ್ಟ ಕಾಣ್ತದ. ಅದಕ್ಕ ಈ ಯಂತ್ರ. ಕಾಣೆಯಾದವರ ಪಟ್ಟಿ ತಗೀರಿ ನೋಡೂಣು."

ಪಟ್ಟಿಯಲ್ಲಿ ಆ ವಯಸ್ಸಿನ ಆರು ಗಂಡಸರಿದ್ದರು. ಒಬ್ಬನಿಗೂ ಗುಂಡಿನ ಗಾಯವಿಲ್ಲ. ನಾಲ್ಕನೆಯವನು ಮೂರ್ನಾಡು ಕಡೆಯ ಪೂವಯ್ಯ, ಜುಲೈ ಕೊನೆಯಲ್ಲಿ ಹೊಳೆಯಾಚೆಯ ಗದ್ದೆಗೆ ಹೋದವನು ಮರಳಿಲ್ಲ. ಹೆಂಡತಿ ಪೊನ್ನಮ್ಮ ಬಂದು ಈ ಹೆಣ ನೋಡಿ, ತನ್ನ ಗಂಡನಲ್ಲ ಎಂದು ಹೋಗಿದ್ದಳು. ಹಳೆಯ ಗಾಯದ ಗುರುತು ಎಂಬಲ್ಲಿ "ಯಾವುದೂ ಇಲ್ಲ" ಎಂದು ಬರೆಸಿ ಸಹಿ ಹಾಕಿದ್ದಳು. ಗಾನವಿ ಆ ಹೆಸರಿನ ಮೇಲೆ ಗೆರೆ ಎಳೆದಳು.

ವಾರಿಜಾಕ್ಷಿ ತೆರೆಯನ್ನೇ ನೋಡುತ್ತಿದ್ದಳು. ಏಳು ಚರೆ ಸೌಟಿನ ಆಕಾರದಲ್ಲಿ ನಿಂತಿದ್ದವು. ಸೌಟಿನ ಹಿಡಿ ಮೊಣಕಾಲಿನ ಕಡೆ. ಈ ಸೌಟನ್ನು ಅವಳು ನೋಡಿದ್ದಳು.

ಹದಿಮೂರು ವರ್ಷದ ಹಿಂದಿನ ಮಾತು. ಕೈಲ್ ಮುಹೂರ್ತದ ಮಾರನೇ ದಿನ, ಭಾನುವಾರ. ಆ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿದವರಿಗೆ ಮಾರನೇ ದಿನ ಕೈ ತುರಿಸುತ್ತದೆ. ಕಾಡುಹಂದಿ ಹೊಡೆಯುವುದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು, ಆದರೂ ಯಾರೋ ಒಬ್ಬರು ತೋಟಕ್ಕೆ ನುಗ್ಗಿಯೇ ನುಗ್ಗುತ್ತಾರೆ. ಡಾಕ್ಟರಿಲ್ಲದ ಹೊತ್ತು ನೋಡಿಕೊಂಡು ಪೊನ್ನಮ್ಮ ತೊಡೆಗೆ ಚರೆ ಹೊಕ್ಕಿದ್ದ ಗಂಡನನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದಳು. ವಾರಿಜಾಕ್ಷಿಯೂ ಅವಳೂ ಮೂರ್ನಾಡಿನ ಒಂದೇ ಶಾಲೆಯವರು, ವಾರಿಜಾಕ್ಷಿ ಎಷ್ಟೋ ಕ್ಲಾಸು ಮುಂದೆ. "ಅಕ್ಕ, ರಿಜಿಸ್ಟರಿಗೆ ಹಾಕ್ಬೇಡಿ. ಹಾಕಿದ್ರೆ ಪೊಲೀಸ್ ಬರ್ತಾರೆ, ಯಾರು ಹೊಡೆದದ್ದು ಅಂತ ಕೇಳ್ತಾರೆ" ಎಂದು ಕೈ ಹಿಡಿದಿದ್ದಳು. ವಾರಿಜಾಕ್ಷಿ ಬೈದಳು, ಚೆನ್ನಾಗಿಯೇ ಬೈದಳು, ಆಮೇಲೆ ಒಂದು ಫಿಲ್ಮ್ ತೆಗೆದು ಕೊಟ್ಟಳು. ಹೆಸರಿಲ್ಲ, ನಂಬರಿಲ್ಲ. ಮೂಳೆಗೇನೂ ಆಗಿರಲಿಲ್ಲ. ಯಾವುದೋ ಕಂಪೌಂಡರು ಮನೆಗೆ ಬಂದು ಗಾಯಕ್ಕೆ ಔಷಧಿ ಕಟ್ಟಿ ಗುಣ ಮಾಡಿದನಂತೆ.

ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ಅವಳು, "ಪೂವಯ್ಯಣ್ಣ, ನಿಮ್ಮ ತೊಡೆಯಲ್ಲಿ ಸಪ್ತರ್ಷಿ ಮಂಡಲವೇ ಇದೆ" ಅಂದಿದ್ದಳು. ಆ ನೋವಿನಲ್ಲೂ ಅವನು ನಕ್ಕ. "ಹಾಗಾದ್ರೆ ಇನ್ನು ದೇವಸ್ಥಾನಕ್ಕೆ ಹೋಗೋದು ಬೇಡ, ಅಲ್ವಾ?" ಎಂದ. ಅಂಥ ಮನುಷ್ಯ.

ಇಡೀ ದಿನ ವಾರಿಜಾಕ್ಷಿ ಬಾಯಿ ಬಿಡಲಿಲ್ಲ. ಮಾರ್ಚ್‌ಗೆ ಇನ್ನು ಏಳೇ ತಿಂಗಳು. ಮೂವತ್ತು ವರ್ಷದಲ್ಲಿ ಅವಳ ಮೇಲೆ ಒಂದು ಮೆಮೋ ಕೂಡ ಇಲ್ಲ. ಬುಧವಾರ ಕ್ಲಾಸು ಮುಗಿದ ಮೇಲೆ, ಯಂತ್ರ ಒರೆಸುವ ನೆಪದಲ್ಲಿ ಸಿದ್ದಬಸಪ್ಪನವರ ಹತ್ತಿರ ಸುಳಿದಳು.

"ಡಾಕ್ಟ್ರೇ, ಸುಮ್ನೆ ಕೇಳ್ತೇನೆ. ಆ ಚರೆಗಳು ನನಗೆ ನೆನಪಿದೆ ಅಂತ ಯಾರಾದ್ರೂ ಬಂದು ಹೇಳಿದ್ರೆ ಸಾಕಾ?"

"ನೆನಪಿಗೆ ಸಹಿ ಇರಂಗಿಲ್ರಿ ಅಮ್ಮಾರ. ಫಿಲ್ಮ್ ಬೇಕು."

"ರಕ್ತ ಪರೀಕ್ಷೆ, ಡಿ.ಎನ್.ಎ. ಅಂತಾರಲ್ಲ?"

"ಕೂಡಸಿ ನೋಡಾಕ ರಕ್ತಸಂಬಂಧದಾವ್ರು ಬೇಕಲ್ರಿ? ಯಾರಂತನ ಗೊತ್ತಿಲ್ಲ." ಅವರು ಅವಳ ಮುಖ ನೋಡಿದರು. "ಯಾಕ್ರಿ? ಎಲ್ಲೋ ಒಂದು ಫಿಲ್ಮ್ ಐತೇನು?"

"ನಂಗೆ ಹೇಗೆ ಗೊತ್ತಿರ್ತದೆ?" ಎಂದು ವಾರಿಜಾಕ್ಷಿ ಸಿಡುಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಿದ್ದಬಸಪ್ಪ ಮತ್ತೆ ಕೇಳಲಿಲ್ಲ. ಪೂವಯ್ಯನಿಗೆ ಒಡಹುಟ್ಟಿದವರಿಲ್ಲ, ಮಕ್ಕಳಿಲ್ಲ, ತಂದೆ ತಾಯಿ ಹೋಗಿ ಕಾಲವಾಯಿತು ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಫಿಲ್ಮ್ ಬಿಟ್ಟರೆ ಬೇರೆ ದಾರಿಯಿಲ್ಲ.

ಮಧ್ಯಾಹ್ನ ರಜೆ ಬರೆದು ಮೂರ್ನಾಡು ಬಸ್ಸು ಹತ್ತಿದಳು. ಅಲ್ಲಿಂದ ಆಟೋದಲ್ಲಿ ಎರಡು ಕಿಲೋಮೀಟರು. ಪೊನ್ನಮ್ಮ ಅಂಗಳದಲ್ಲಿ ಕಾಳುಮೆಣಸಿನ ಬಳ್ಳಿಗೆ ಹೊಡೆಯಲು ಸುಣ್ಣ ಮೈಲುತುತ್ತ ಕಲಸುತ್ತಿದ್ದಳು. ಇವಳನ್ನು ಕಂಡು ನಿಂತಲ್ಲೇ ನಿಂತಳು, ಆಮೇಲೆ ಕೈ ತೊಳೆದು, "ಬನ್ನಿ ಅಕ್ಕ, ಒಳಗೆ ಬನ್ನಿ" ಎಂದು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದಳು. ಒಲೆಯ ಮೇಲೆ ಕಾಫಿಗೆ ನೀರಿಟ್ಟಳು.

ವಾರಿಜಾಕ್ಷಿ ಸುತ್ತಿ ಬಳಸಿ ಮಾತಾಡುವವಳಲ್ಲ. "ಪೊನ್ನು, ಆಸ್ಪತ್ರೆಯಲ್ಲಿರೋದು ಪೂವಯ್ಯಣ್ಣ."

"ಅಲ್ಲ. ನಾನೇ ಬಂದು ನೋಡ್ದೆ. ಅದು ನಮ್ಮವರಲ್ಲ."

"ತೊಡೆಯಲ್ಲಿ ಚರೆ ಇದೆ."

"ನಮ್ಮವರಿಗೆ ಚರೆ ಗಿರೆ ಎಂತದೂ ಇಲ್ಲೆ." ಅವಳ ಬಾಯಿಂದ ಮನೆಯ ಅರೆಭಾಷೆ ಬಂದುಬಿಟ್ಟಿತು, ಇಲ್ಲಕ್ಕೆ ಇಲ್ಲೆ, ಉಂಟಿಗೆ ಉಟ್ಟು. ಬೆನ್ನು ಹಾಕಿ ಕಾಫಿಪುಡಿ ಹಾಕಿದಳು.

"ನಾನೇ ತೆಗೆದ ಫಿಲ್ಮ್ ಅದು ಮಾರಾಯ್ತಿ!"

"ಯಾವ ಫಿಲ್ಮ್? ಫಿಲ್ಮ್ ಎಲ್ಲಿ ಉಟ್ಟು? ನಮ್ಮ ಮನೇಲಿ ಅಂಥದ್ದು ಇಲ್ಲೆ."

ವಾರಿಜಾಕ್ಷಿ ಉತ್ತರ ಕೊಡಲು ತಲೆಯೆತ್ತಿದಳು, ಎತ್ತಿದ್ದೇ ಹಾಗೆಯೇ ಉಳಿದಳು. ಒಲೆಯ ಮೇಲುಗಡೆ ಸಣ್ಣ ಕಿಟಕಿ. ಅದರ ನಾಲ್ಕು ಗಾಜಿನಲ್ಲಿ ಒಂದು ಒಡೆದಿತ್ತು. ಒಡೆದ ಗಾಜಿನ ಜಾಗಕ್ಕೆ ಹೊಗೆ ಹಿಡಿದ ಒಂದು ಹಾಳೆ ಮೊಳೆ ಹೊಡೆದು ನಿಲ್ಲಿಸಿತ್ತು. ಅದರ ನಡುವೆ ಉದ್ದಕ್ಕೆ ತೊಡೆಯ ಮೂಳೆ. ಹಿಂದಿನಿಂದ ಆಗಸ್ಟಿನ ಮಂಕು ಬೆಳಕು ಬಿದ್ದು, ಸೌಟಿನ ಚುಕ್ಕಿಗಳು ಮಿಣಮಿಣ ಎನ್ನುತ್ತಿದ್ದವು.

ಪೊನ್ನಮ್ಮ ತಿರುಗಿ ಅವಳು ನೋಡುತ್ತಿದ್ದ ಕಡೆ ನೋಡಿದಳು. ಕೈಯಲ್ಲಿದ್ದ ಚಮಚ ಒಲೆಯ ಕಟ್ಟೆಯ ಮೇಲಿಟ್ಟು, ಅಲ್ಲೇ ಕುಸಿದು ಕುಳಿತಳು. ಬಹಳ ಹೊತ್ತು ಅತ್ತಳು. ವಾರಿಜಾಕ್ಷಿ ಎದ್ದು, ಉಕ್ಕುತ್ತಿದ್ದ ಕಾಫಿ ಇಳಿಸಿದಳು.

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಆರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಕಂಕಣ ಸೂರ್ಯಗ್ರಹಣ ಹಿಡಿದಿತ್ತಲ್ಲ, ಕೊಡಗಿನಲ್ಲೇ ಚೆನ್ನಾಗಿ ಕಾಣುತ್ತದೆಂದು ಎಲ್ಲೆಲ್ಲಿಯವರೋ ಬಂದಿದ್ದರಲ್ಲ, ಆ ದಿನ ಪೂವಯ್ಯ ಕತ್ತರಿ ಹಿಡಿದು ಫಿಲ್ಮಿನ ಸುತ್ತಲಿನ ಕಪ್ಪು ಭಾಗವನ್ನು ಒಂದು ಮೂಲೆ ಬಿಟ್ಟು ಕತ್ತರಿಸಿ ಅಕ್ಕಪಕ್ಕದವರಿಗೆ ಹಂಚಿದ್ದ. ಗ್ರಹಣ ನೋಡಲು ಕಪ್ಪೇ ಬೇಕು. ಮೂಳೆಯಿದ್ದ ಬಿಳಿ ನಡುಭಾಗ ಯಾರಿಗೂ ಬೇಡದೆ ಉಳಿಯಿತು. ಅದನ್ನು ಒಡೆದ ಕಿಟಕಿಗೆ ಹೊಡೆದು, "ನಾನು ಗದ್ದೆಗೆ ಹೋದಾಗ ನನ್ನ ಕಾಲು ನೋಡ್ಕೊಂಡು ಅಡುಗೆ ಮಾಡು" ಎಂದು ತಮಾಷೆ ಮಾಡಿದ್ದ.

"ಗಾಯ ಇಲ್ಲ ಅಂತ ಯಾಕೆ ಬರೆಸಿದೆ?"

"ಹೊಡೆದವ ತಿಮ್ಮ. ನನ್ನ ತಮ್ಮ." ಪೊನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂದಿ ಅಂತ ತಿಳ್ಕೊಂಡು ಹೊಡೆದುಬಿಟ್ಟ. ಅವತ್ತೇ ಇವರು ನಮ್ಮಿಬ್ಬರ ಕೈಯಲ್ಲಿ ಆಣೆ ಹಾಕಿಸಿದ್ರು, ಯಾರ ಬಾಯಿಂದನೂ ಬರಬಾರದು ಅಂತ. ತಿಮ್ಮ ಆಮೇಲೆ ಕೋವಿ ಮುಟ್ಟಿದವನೇ ಅಲ್ಲ. ಈಗ ಇವರು ಹೋದ ಮೇಲೆ ಅವನನ್ನ ನಾನು ಪೊಲೀಸರಿಗೆ ಹಿಡಿದು ಕೊಡ್ಲಾ?" ಕಿಟಕಿಯ ಕಡೆ ನೋಡಿದಳು. "ಅದೊಂದೇ ಅಲ್ಲ ಅಕ್ಕ. ಚರೆ ಉಟ್ಟು ಅಂತ ನಾನು ಹೇಳಿದ್ರೆ ಅದು ಅವರೇ ಆಗಿಬಿಡ್ತಿತ್ತು. ಹೇಳದಿದ್ರೆ ಎಲ್ಲೋ ಇದ್ದಾರೆ ಅಂತ ಇರಬಹುದಿತ್ತು."

ವಾರಿಜಾಕ್ಷಿಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಅವಳಿಗೆ ಎರಡೂ ಒಟ್ಟಿಗೇ ಬರುವುದು. "ಎಲ್ಲೋ ಅಲ್ಲ, ಶವಾಗಾರದಲ್ಲಿದ್ದಾರೆ, ಮೂರನೇ ನಂಬರ್ ಹಾಕ್ಕೊಂಡು! ಶನಿವಾರ ಅವರನ್ನ ಹೆಸರಿಲ್ಲದೆ ಗುಂಡಿಗೆ ಹಾಕ್ತಾರೆ. ಆಮೇಲೆ ನೀನು ಈ ಕಿಟಕಿ ನೋಡ್ಕೊಂಡು ಎಷ್ಟು ವರ್ಷ ಕಾಫಿ ಕಾಯಿಸ್ತೀಯ?"

"ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು, ಸತ್ರೆ ಎರಡು" ಎಂದಳು ಪೊನ್ನಮ್ಮ, ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲವೆಂಬಂತೆ. "ಎರಡು ಗುಂಡು ಕೇಳಿದ್ರೆ ಊರಿನವರು ಕೈಲಿದ್ದ ಕೆಲಸ ಬಿಟ್ಟು ಬರ್ತಾರೆ. ಒಂದು ಗುಂಡು ಹಾರಿಸುವ ಭಾಗ್ಯ ಈ ಮನೆಗೆ ಬರ್ಲಿಲ್ಲ. ಎರಡೂ ಇಲ್ಲದ ಹಾಗೆ ಆಯ್ತು."

ವಾರಿಜಾಕ್ಷಿ ಎದ್ದು ಕಿಟಕಿಯ ಹತ್ತಿರ ಹೋದಳು. ಫಿಲ್ಮಿನ ಮೂಲೆಯಲ್ಲಿ ಎಡಗಾಲು ಎಂದು ಗುರುತಿಸಲು ಅವಳು ಇಟ್ಟಿದ್ದ ಸೀಸದ ಅಕ್ಷರದ ನೆರಳು ಬಿದ್ದಿತ್ತು. ಅದರ ಕೆಳತುದಿ ಚೂರು ಮುರಿದಿತ್ತು. ಆ ಮುರುಕು ಅಕ್ಷರ ಇವತ್ತಿಗೂ ಅವಳ ಮೇಜಿನ ಡ್ರಾಯರಿನಲ್ಲಿದೆ. "ಇದನ್ನ ನಾನು ಕಿತ್ಕೊಂಡು ಹೋಗೋದಿಲ್ಲ" ಎಂದಳು. "ಇದು ನಿನ್ನ ಮನೆ ಕಿಟಕಿ. ತಿಮ್ಮನ ಹತ್ರ ಮಾತಾಡು. ನನ್ನ ಪಾಲಿನ ತಪ್ಪು ನಾನು ಬರೆದು ಕೊಡ್ತೇನೆ, ನೀನು ಬಂದ್ರೂ ಸೈ, ಬರದಿದ್ರೂ ಸೈ."

ಹೇಳುವುದು ಸುಲಭ. ವಾಪಸು ಬಸ್ಸಿನಲ್ಲಿ ಅವಳಿಗೆ ತನ್ನ ಬಾಯಿಯ ಮೇಲೆಯೇ ಸಿಟ್ಟು ಬಂತು. ಆದರೂ ಗುರುವಾರ ಕ್ಲಾಸು ಮುಗಿದದ್ದೇ ಸಿದ್ದಬಸಪ್ಪ, ಗಾನವಿ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಗಾನವಿ, "ಮೇಡಂ, ನಿಮ್ಮ ಪೆನ್ಷನ್..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಸಿದ್ದಬಸಪ್ಪ ಬೈಯಲೂ ಇಲ್ಲ, ಹೊಗಳಲೂ ಇಲ್ಲ. ತಮ್ಮ ಬ್ಯಾಗಿನಿಂದ ತರಬೇತಿಯ ಪುಸ್ತಕವನ್ನೂ ಪೆನ್ನನ್ನೂ ತೆಗೆದು ಅವಳ ಮುಂದಿಟ್ಟು, "ಬರ್ದು ಕೊಡ್ರಿ" ಎಂದರು. ಬರೆದಳು. ಅಂತೂ ಪೆನ್ನು ಸಿಕ್ಕಿತು.

ಶುಕ್ರವಾರ ಆರಕ್ಕೆ ಮೂರ್ನಾಡಿನಿಂದ ಯಾರೂ ಬರಲಿಲ್ಲ. ಏಳಕ್ಕೂ ಬರಲಿಲ್ಲ. ಕೊನೆಯ ದಿನವೆಂದು ಡಾಕ್ಟರುಗಳು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದರು. ವಾರಿಜಾಕ್ಷಿ ಬಾಗಿಲ ಕಡೆ ನೋಡುವುದಿಲ್ಲ ಎಂದುಕೊಂಡು ನೋಡುತ್ತಲೇ ಇದ್ದಳು. ಏಳೂ ಮುಕ್ಕಾಲಿಗೆ ಪೊನ್ನಮ್ಮ ಬಂದಳು. ಅವಳ ಹಿಂದೆ ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಹಾಳೆ ಹಿಡಿದುಕೊಂಡು, ನಲವತ್ತರ ಒಬ್ಬ ಗಂಡಸು.

"ನಾನು ತಿಮ್ಮಯ್ಯ" ಎಂದ ಅವನು, ಯಾರೂ ಕೇಳುವ ಮೊದಲೇ. "ಭಾವನಿಗೆ ಹೊಡೆದದ್ದು ನಾನು. ಅಕ್ಕನ ತಪ್ಪು ಏನೂ ಇಲ್ಲ. ಬರ್ಕೊಳ್ಳಿ."

"ಬರ್ಕೊಳ್ಳೋಣಂತ. ಮದ್ಲು ಫಿಲ್ಮ್ ಕೊಡ್ರಿ" ಎಂದರು ಸಿದ್ದಬಸಪ್ಪ.

ವಾರಿಜಾಕ್ಷಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಆರು ವರ್ಷದ ಹೊಗೆ ಒರೆಸಿದಳು. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು. ಪಕ್ಕದ ತೆರೆಯ ಮೇಲೆ ಗಾನವಿ ಹೆಣದ ತೊಡೆಯ ಚಿತ್ರವನ್ನು ತಿರುಗಿಸಿ ತಿರುಗಿಸಿ ಅದೇ ಕೋನಕ್ಕೆ ತಂದು ನಿಲ್ಲಿಸಿದಳು. ಸೌಟಿಗೆ ಸೌಟು ಕೂಡಿತು. ಮೂಳೆಯ ಒಳಗಿನ ಗೆರೆಗಳೂ ಕೂಡಿದವು. ಎಂಟೂ ಜನ ಡಾಕ್ಟರುಗಳು ಫೋಟೋ ಮರೆತು ಹತ್ತಿರ ಬಂದರು.

"ಎಣಸ್ರಿ" ಎಂದರು ಸಿದ್ದಬಸಪ್ಪ.

ತೆರೆಯ ಮೇಲೆ ಹನ್ನೊಂದು. ಫಿಲ್ಮಿನಲ್ಲಿ ಹನ್ನೆರಡು.

ಮತ್ತೆ ಎಣಿಸಿದರು. ಹನ್ನೆರಡೇ. ಹೊರಮಗ್ಗುಲಿಗೆ, ಚರ್ಮದ ಹತ್ತಿರ ಒಂದು ಹೆಚ್ಚು ಚರೆ ಇತ್ತು. ಹೆಣದ ತೊಡೆಯಲ್ಲಿ ಆ ಜಾಗ ಖಾಲಿ. ವಾರಿಜಾಕ್ಷಿ ಬೆರಳಿಟ್ಟು ಮೂರನೇ ಸಲ ಎಣಿಸಿದಳು. ಅಯ್ಯೋ, ಇಷ್ಟು ದೂರ ಬಂದು!

"ಉಳಿದದ್ದೆಲ್ಲ ಕೂಡ್ತದ" ಎಂದರು ಸಿದ್ದಬಸಪ್ಪ ನಿಧಾನವಾಗಿ. "ನನ್ನ ಮನಸ್ಸಿಗೆ ಇಂವಾ ಅವನ. ಆದ್ರ ಸೀಸ ನೀರಾಗ ಕರಗಂಗಿಲ್ಲ. ಒಂದು ಎಲ್ಲಿ ಹೋತು ಅಂತ ತಿಳೀದ ನಾ ಸಹಿ ಹಾಕಂಗಿಲ್ಲ. ಹಾಕಿದ್ರ ಇವ್ರಿಗೆ ಐದು ದಿನ ಏನ್ ಕಲಿಸಿದಂಗಾತು?"

ಪೊನ್ನಮ್ಮ ತಮ್ಮನ ಕಡೆ ನೋಡಿದಳು. ತಿಮ್ಮಯ್ಯ ಜೇಬಿನಿಂದ ಪರ್ಸು ತೆಗೆದ. ಅದರ ಒಳಮೂಲೆಯಿಂದ ಔಷಧಿ ಅಂಗಡಿಯ ಪ್ಲಾಸ್ಟಿಕ್ ಲಕೋಟೆ. ಲಕೋಟೆಯೊಳಗೆ ಮೆಣಸಿನ ಕಾಳಿಗಿಂತ ಚಿಕ್ಕ, ಕಪ್ಪಗಿನ ಒಂದು ಕಾಳು.

"ನಾಲ್ಕು ವರ್ಷ ಆದ ಮೇಲೆ ಇದೊಂದು ತಾನಾಗಿ ಚರ್ಮದ ಮೇಲಕ್ಕೇ ಬಂತು" ಎಂದ. "ಭಾವ ಬ್ಲೇಡಿನಲ್ಲಿ ತಾನೇ ತೆಗೆದ. ಹುತ್ತರಿ ಹಬ್ಬದ ಊಟಕ್ಕೆ ಕೂತಾಗ ಎಲ್ಲರ ಎದುರು ನನ್ನ ಎಲೆ ಮೇಲೆ ಹಾಕಿ, 'ತಿಮ್ಮ, ತಗೋ ನಿನ್ನ ಸಾಮಾನು. ಮಿಕ್ಕಿದ್ದು ನಂಗೇ ಇರ್ಲಿ' ಅಂದ. ಎಂತ ಅಂತ ಬೇರೆ ಯಾರಿಗೂ ಗೊತ್ತಾಗ್ಲಿಲ್ಲ. ನಾನು ಊಟ ಬಿಟ್ಟು ಎದ್ದು ಹೋದೆ. ಅಟ್ಟಿಸ್ಕೊಂಡು ಬಂದು, ಎಳ್ಕೊಂಡು ಹೋಗಿ ಪಕ್ಕದಲ್ಲಿ ಕೂರಿಸ್ಕೊಂಡು ಉಣ್ಣಿಸ್ದ." ಲಕೋಟೆಯನ್ನು ಮುಂದಕ್ಕೆ ಚಾಚಿದ.

ಸಿದ್ದಬಸಪ್ಪ ಲಕೋಟೆಯನ್ನು ಯಂತ್ರದ ಮೇಜಿನ ಮೇಲಿಟ್ಟರು. ವಾರಿಜಾಕ್ಷಿ ಗುಂಡಿ ಒತ್ತಿದಳು. ಅಳೆದರು: ಒಳಗಿನ ಹನ್ನೊಂದರ ಅಳತೆಯೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಫಿಲ್ಮಿನಲ್ಲಿ ಹನ್ನೆರಡನೆಯದು ಇದ್ದ ಜಾಗವನ್ನು ಹೆಣದ ತೊಡೆಯಲ್ಲಿ ಹುಡುಕಿದಾಗ ಚರ್ಮದಡಿ ಒಂದು ಸಣ್ಣ ಹಳೆಯ ಕಲೆ ಸಿಕ್ಕಿತು. ಅದನ್ನು ಹುಡುಕಿದ್ದು ಗಾನವಿ.

ಸಿದ್ದಬಸಪ್ಪ ಕುರ್ಚಿ ಎಳೆದುಕೊಂಡು ಕುಳಿತು ಸಹಿ ಹಾಕಿದರು. ಆಮೇಲೆ ಎದ್ದು ಡಾಕ್ಟರುಗಳಿಗೆ, "ಇನ್ ಮ್ಯಾಲೆ ಮೂರನೇ ನಂಬರ್ ಅನಬ್ಯಾಡ್ರಿ. ಇವ್ರು ಪೂವಯ್ಯ" ಎಂದರು. ಪೊನ್ನಮ್ಮ ಅಳಲಿಲ್ಲ. "ನಾನೇ ತಪ್ಪು ಬರೆಸಿದ್ದು, ಅದನ್ನ ಹೊಡೆದು ಹಾಕಿ" ಎಂದಷ್ಟೇ ಕೇಳಿದಳು.

ಪೊಲೀಸಿನವರು ಬಂದು ಮೂವರ ಹೇಳಿಕೆ ಬರೆದುಕೊಂಡರು. ಹೊಡೆಸಿಕೊಂಡವನು ದೂರು ಕೊಟ್ಟಿಲ್ಲ, ಅವನು ಈಗ ಇಲ್ಲ, ಮೇಲಿನವರನ್ನು ಕೇಳಬೇಕು ಎಂದರು. ತಿಮ್ಮಯ್ಯ ಕರೆದಾಗ ಬರುತ್ತೇನೆ ಎಂದು ಸಹಿ ಹಾಕಿದ. ವಾರಿಜಾಕ್ಷಿಗೆ ಸಂಜೆಯೊಳಗೆ ಮೆಮೋ ಬಂತು, ಅವಳ ಜನ್ಮದ ಮೊದಲನೆಯದು. ಓದಿ, ಮಡಿಸಿ, ಹೊಸ ಪೆನ್ನಿನ ಪಕ್ಕದಲ್ಲಿಟ್ಟಳು.

ಶನಿವಾರ ಬೆಳಿಗ್ಗೆ ಆಂಬುಲೆನ್ಸು ಮೂರ್ನಾಡು ದಾಟಿ ಹೋಯಿತು. ವಾರಿಜಾಕ್ಷಿಯೂ ಹೋದಳು, ಬಂದು ತಲೆಗೆ ನೀರು ಹಾಕಿಕೊಂಡರಾಯಿತು. ಅಂಗಳದಲ್ಲಿ ಹತ್ತು ಹನ್ನೆರಡು ಜನ ನೆಂಟರಷ್ಟೇ. ಊರಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಈಗ ರಟ್ಟು ಹೊಡೆದಿತ್ತು.

ಪೊನ್ನಮ್ಮ ಒಳಗಿನಿಂದ ಗಂಡನ ಕೋವಿ ತಂದಳು. ನೆಂಟರಲ್ಲಿ ಹಿರಿಯನೊಬ್ಬ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ತಮ್ಮನ ಮುಂದೆ ನಿಂತಳು. ತಿಮ್ಮಯ್ಯ ತಲೆ ಅಲ್ಲಾಡಿಸಿದ. ಅವಳು ಕೋವಿ ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ ಅವನು ತೆಗೆದುಕೊಂಡ.

ಒಂದು ಗುಂಡು ಹಾರಿತು. ಗದ್ದೆಯ ಮೇಲೆ ಸದ್ದು ಉರುಳಿಕೊಂಡು ಹೋಗಿ ಆಚೆ ತೋಟದಲ್ಲಿ ಅಡಗಿತು. ಕೋವಿಯ ನಳಿಗೆ ನೆಲದ ಕಡೆ ಬಾಗಿತು. ತಿಮ್ಮಯ್ಯ ಹೆಣದ ಕಡೆ ನೋಡುತ್ತ ಹಾಗೇ ನಿಂತುಬಿಟ್ಟ.

ಆಗ ಆ ಹಿರಿಯನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗಾಬರಿಯಲ್ಲಿ ಅವನು ಒತ್ತಿದ್ದು ಸ್ಪೀಕರಿಗೆ. ಗದ್ದೆಯಾಚೆ ಮನೆಯ ಹೆಂಗಸಿನ ದನಿ, ಸಂಭ್ರಮದ ದನಿ, ಅಂಗಳಕ್ಕೆಲ್ಲ ಕೇಳಿಸಿತು: "ಮಾವ, ನಿಮ್ಮ ಕಡೆಯಿಂದ ಒಂದು ಗುಂಡು ಕೇಳ್ತಲ್ಲ! ಯಾರ ಮನೇಲಿ ಗಂಡು ಮಗು?"

ವಾರಿಜಾಕ್ಷಿ ಕಣ್ಣು ಮುಚ್ಚಿಕೊಂಡಳು.

ಪೊನ್ನಮ್ಮ ತಮ್ಮನ ಬೆನ್ನ ಮೇಲೆ ಕೈಯಿಟ್ಟಳು. "ಇನ್ನೊಂದ್ ಹೊಡಿ ತಮ್ಮ. ಭಾವ ಅಂತ ಎಲ್ಲವ್ಕೂ ಗೊತ್ತಾಗ್ಲಿ."

ತಿಮ್ಮಯ್ಯ ಕೋವಿ ಎತ್ತಿದ. ಎರಡನೆಯದು ಹಾರಿತು.

ಫೋನಿನಲ್ಲಿ ಆ ಹೆಂಗಸು ಸುಮ್ಮನಾದಳು. ಹಿರಿಯ ಅದನ್ನು ಕಿವಿಯ ಹತ್ತಿರ ತಂದುಕೊಂಡು, "ಮಗು ಅಲ್ಲವ್ವ" ಎಂದ. "ನಮ್ಮ ಪೂವಯ್ಯ. ಸಿಕ್ಕಿದ."